ಆವೃತ್ತಿ 2.4.52 ಎಂದೇ ತೋರಿಸುತ್ತಿದ್ದರೂ ಅಪಾಚೆಗೆ ಪ್ಯಾಚ್ ಬಿದ್ದಿದೆಯೇ ಎಂದು ತಿಳಿಯುವುದು ಹೇಗೆ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ನಿಮ್ಮದು ಉಬುಂಟು 22.04 ಸರ್ವರ್, ಅದರಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ ಓಡುತ್ತಿದೆ. ಸಿವಿಇ-2024-27316 (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತು ಸಂಖ್ಯೆ) ಎಂಬ, ಎಚ್‌ಟಿಟಿಪಿ/2 ಎಂಬ ವೆಬ್ ಸಂವಹನ ನಿಯಮಾವಳಿಯ ಮೂಲಕ ಸರ್ವರ್‌ನ ಮೆಮೊರಿ ಬರಿದು ಮಾಡಬಲ್ಲ ದೋಷದ ಎಚ್ಚರಿಕೆಯನ್ನು ಓದಿ ನೀವು ಉಬುಂಟುವಿನ ಪ್ಯಾಕೇಜ್ ಸಾಧನವಾದ ಆಪ್ಟ್ ಮೂಲಕ ಅಪ್‌ಡೇಟ್ ಮಾಡಿದ್ದೀರಿ. ದೋಷವು 2.4.59ರಲ್ಲಿ ಸರಿಯಾಗಿದೆ ಎಂದು ಎಚ್ಚರಿಕೆಯಲ್ಲಿದ್ದರೂ ನಿಮ್ಮಲ್ಲಿ ಈಗಲೂ 2.4.52 ಎಂದೇ ಬರುತ್ತಿದೆ, ಭದ್ರತಾ ದೋಷ ಹುಡುಕುವ ಸ್ಕ್ಯಾನರ್ ಕೂಡ ಅದನ್ನೇ ಎತ್ತಿ ತೋರಿಸುತ್ತಿದೆ. ಹಾಗಾದರೆ ಮೂಲ ಕೋಡ್ ಇಳಿಸಿಕೊಂಡು ಸ್ವತಃ ಕಂಪೈಲ್ ಮಾಡಬೇಕೇ, ಅಥವಾ ಫೈರ್‌ವಾಲ್‌ನಲ್ಲಿ ಮಿತಿ ಹಾಕಿದರೆ ಸಾಕೇ ಎಂಬುದು ನಿಮ್ಮ ಗೊಂದಲ. ಕಂಪೈಲ್ ಮಾಡುವ ಅಗತ್ಯವಿಲ್ಲ, ಫೈರ್‌ವಾಲ್ ಇಲ್ಲಿ ಸಾಲದು. ಆದರೆ ಅಪ್‌ಡೇಟ್ ಆದೇಶ ಮುಗಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ದಯವಿಟ್ಟು ತಿಳಿಯಬೇಡಿ. ಡಿಸ್ಕಿನಲ್ಲಿ ಹೊಸ ಫೈಲ್ ಬಂದು ಕುಳಿತಿರುವುದು ಬೇರೆ, ಮೆಮೊರಿಯಲ್ಲಿ ಹೊಸ ಕೋಡ್ ಓಡುತ್ತಿರುವುದು ಬೇರೆ.

ಮೊದಲು ಆವೃತ್ತಿ ಸಂಖ್ಯೆಯ ವಿಷಯ. ಉಬುಂಟು, ರೆಡ್ ಹ್ಯಾಟ್ ಮೊದಲಾದವು ಒಂದು ಬಿಡುಗಡೆಯ ಅವಧಿಯುದ್ದಕ್ಕೂ ಸಾಮಾನ್ಯವಾಗಿ ಅದೇ ಮೂಲ ಆವೃತ್ತಿಯನ್ನು ಇಟ್ಟುಕೊಂಡು, ಮುಂದಿನ ಆವೃತ್ತಿಗಳಲ್ಲಿ ಬಂದ ಭದ್ರತಾ ತಿದ್ದುಪಡಿಯನ್ನಷ್ಟೇ ಹಿಂದಕ್ಕೆ ತಂದು ಸೇರಿಸುತ್ತವೆ. ಇದನ್ನೇ ಬ್ಯಾಕ್‌ಪೋರ್ಟ್ ಎನ್ನುತ್ತೇವೆ. ಹೊಸ ಆವೃತ್ತಿಯನ್ನು ಇಡಿಯಾಗಿ ತಂದರೆ ಬೇರೆ ಬದಲಾವಣೆಗಳೂ ಜೊತೆಗೆ ಬಂದು, ನಡೆಯುತ್ತಿರುವ ಸೈಟ್‌ಗಳು ಕೆಡಬಹುದೆಂಬುದು ಇದರ ಹಿಂದಿನ ಕಾರಣ. ಆದ್ದರಿಂದ 2.4.52ರ ನಂತರ ಬರುವ, ‘ಉಬುಂಟು’ ಎಂಬ ಪದವುಳ್ಳ ಬಾಲದ ಸಂಖ್ಯೆಯೇ ಇಲ್ಲಿ ಮುಖ್ಯ. ಬಹುಪಾಲು ಸ್ಕ್ಯಾನರ್‌ಗಳು ಸರ್ವರ್ ಕಳುಹಿಸುವ ಹೆಡರ್‌ನಲ್ಲಿರುವ ‘ಅಪಾಚೆ/2.4.52’ ಎಂಬುದನ್ನಷ್ಟೇ ಓದುತ್ತವೆ, ಆ ಬಾಲ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಹೆಡರ್‌ನಿಂದ ಸಂಖ್ಯೆಯನ್ನು ಮರೆಮಾಡಿದರೆ ಸ್ಕ್ಯಾನರ್ ಸುಮ್ಮನಾಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ನಿಜವನ್ನು ತಿಳಿಯಲು ಪ್ಯಾಕೇಜ್‌ನ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ದಾಖಲೆ ನೋಡಬೇಕು. ‘ಆಪ್ಟ್ ಚೇಂಜ್‌ಲಾಗ್’ ಆದೇಶಕ್ಕೆ ಅಪಾಚೆ2 ಎಂಬ ಪ್ಯಾಕೇಜ್ ಹೆಸರು ಕೊಟ್ಟು, ಬಂದ ಪಠ್ಯದಲ್ಲಿ 27316 ಎಂದು ಹುಡುಕಿ. ಆ ಸಂಖ್ಯೆ ಸಿಕ್ಕ ನಮೂದಿನ ಆವೃತ್ತಿಯನ್ನು, ‘ಡಿಪಿಕೆಜಿ’ ತೋರಿಸುವ ನಿಮ್ಮ ಸ್ಥಾಪಿತ ಆವೃತ್ತಿಯೊಂದಿಗೆ ಬಾಲದ ಸಮೇತ ಹೋಲಿಸಿ. ಸ್ಥಾಪಿತವಾದದ್ದು ಅದೇ ಅಥವಾ ಅದಕ್ಕಿಂತ ಹೊಸದಾಗಿದ್ದರೆ ತಿದ್ದುಪಡಿ ನಿಮ್ಮ ಡಿಸ್ಕಿಗೆ ಬಂದಿದೆ. ಇದರ ಜೊತೆಗೆ ಎನ್‌ಜಿಎಚ್‌ಟಿಟಿಪಿ2 ಎಂಬ ಲೈಬ್ರರಿಯನ್ನೂ ಇದೇ ರೀತಿ ಪರಿಶೀಲಿಸಬೇಕು. ಉಬುಂಟುವಿನಲ್ಲಿ ಅದರ ಪ್ಯಾಕೇಜ್ ಹೆಸರು ‘ಲಿಬ್‌ಎನ್‌ಜಿಎಚ್‌ಟಿಟಿಪಿ2-14’, ಅಲ್ಲಿ ಹುಡುಕಬೇಕಾದ ಸಂಖ್ಯೆ ಸಿವಿಇ-2024-28182. ಅನೇಕರು ಅಪಾಚೆಯನ್ನಷ್ಟೇ ಅಪ್‌ಡೇಟ್ ಮಾಡಿ ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಎಚ್‌ಟಿಟಿಪಿ/2ರ ಫ್ರೇಮ್‌ಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು, ಬಿಡಿಸಿ ಓದುವ ಕೆಲಸವನ್ನು ಅಪಾಚೆ ಈ ಲೈಬ್ರರಿಗೇ ವಹಿಸಿಕೊಟ್ಟಿದೆ.

ಫೈರ್‌ವಾಲ್ ಏಕೆ ಸಾಲದೆಂದು ತಿಳಿಯಲು ದೋಷದ ಒಳಗುಟ್ಟನ್ನು ಸ್ವಲ್ಪ ನೋಡೋಣ. ಎಚ್‌ಟಿಟಿಪಿ/2ರಲ್ಲಿ ಕೋರಿಕೆಯ ಹೆಡರ್‌ಗಳು ‘ಹೆಡರ್ಸ್’ ಎಂಬ ಫ್ರೇಮ್‌ನಲ್ಲಿ ಬರುತ್ತವೆ. ಒಂದೇ ಫ್ರೇಮ್‌ನಲ್ಲಿ ಹಿಡಿಸದಿದ್ದರೆ ಉಳಿದದ್ದು ‘ಕಂಟಿನ್ಯುಯೇಶನ್’ ಫ್ರೇಮ್‌ಗಳಲ್ಲಿ ಬರುತ್ತದೆ, ಕೊನೆಯ ಫ್ರೇಮ್‌ನಲ್ಲಿ ‘ಹೆಡರ್ ಮುಗಿಯಿತು’ ಎಂಬ ಗುರುತು ಇರುತ್ತದೆ. ದಾಳಿಕೋರನು ಆ ಗುರುತನ್ನು ಕಳುಹಿಸುವುದೇ ಇಲ್ಲ. ಒಂದರ ಹಿಂದೆ ಒಂದು ಕಂಟಿನ್ಯುಯೇಶನ್ ಫ್ರೇಮ್ ಕಳುಹಿಸುತ್ತಲೇ ಇರುತ್ತಾನೆ. ಅಪಾಚೆಯಲ್ಲಿ ಹೆಡರ್‌ಗಳ ಸಂಖ್ಯೆಗೆ 100, ಒಂದೊಂದರ ಗಾತ್ರಕ್ಕೆ 8190 ಬೈಟ್ ಎಂಬ ಪೂರ್ವನಿಯೋಜಿತ ಮಿತಿಗಳಿವೆಯಲ್ಲ ಎಂದು ನೀವು ಕೇಳಬಹುದು. ತೊಡಕು ಇರುವುದೇ ಅಲ್ಲಿ. 2.4.17ರಿಂದ 2.4.58ರವರೆಗಿನ ಆವೃತ್ತಿಗಳಲ್ಲಿ, ಮಿತಿ ಮೀರಿದ ಹೆಡರ್‌ಗಳನ್ನು ಕೂಡ, ‘413’ ಎಂಬ ವಿವರವಾದ ನಿರಾಕರಣೆಯನ್ನು ಸಿದ್ಧಪಡಿಸುವ ಸಲುವಾಗಿ ತಾತ್ಕಾಲಿಕವಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳಲಾಗುತ್ತಿತ್ತು. ಕಳುಹಿಸುವವನು ನಿಲ್ಲಿಸದಿದ್ದರೆ ಸಂಗ್ರಹವೂ ನಿಲ್ಲುವುದಿಲ್ಲ, ಕೊನೆಗೆ ಮೆಮೊರಿ ಮುಗಿದುಹೋಗುತ್ತದೆ.

ಇದರಿಂದ ಎರಡು ಪರಿಣಾಮಗಳಿವೆ, ಎರಡೂ ನಿಮಗೆ ನೇರವಾಗಿ ಸಂಬಂಧಿಸಿದವು. ಈ ದಾಳಿಗೆ ಸಾವಿರಾರು ಸಂಪರ್ಕಗಳು ಬೇಕಾಗಿಲ್ಲ, ಕೆಲವೇ ಸಂಪರ್ಕಗಳಲ್ಲಿ ನಡೆಯಬಲ್ಲದು. ಆದ್ದರಿಂದ ಒಂದು ಐಪಿಗೆ ಇಷ್ಟೇ ಸಂಪರ್ಕ ಎಂಬ ಫೈರ್‌ವಾಲ್ ನಿಯಮಕ್ಕೆ ಅದು ಸಿಕ್ಕಿಬೀಳುವುದಿಲ್ಲ. ಟಿಎಲ್‌ಎಸ್ ಗೂಢಲಿಪಿಯ ಒಳಗೆ ಯಾವ ಫ್ರೇಮ್ ಸಾಗುತ್ತಿದೆ ಎಂಬುದೂ ಸಾಮಾನ್ಯ ಫೈರ್‌ವಾಲ್‌ಗೆ ಕಾಣುವುದಿಲ್ಲ. ಎರಡನೆಯದಾಗಿ, ಕೋರಿಕೆ ಪೂರ್ಣವಾಗುವುದೇ ಇಲ್ಲವಾದ್ದರಿಂದ ಆಕ್ಸೆಸ್ ಲಾಗ್‌ನಲ್ಲಿ ಅದರ ಸಾಲು ಮೂಡುವುದಿಲ್ಲ. ಲಾಗ್ ಓದಿ ಐಪಿ ತಡೆಯುವ ಫೇಲ್‌ಟುಬ್ಯಾನ್‌ನಂತಹ ಸಾಧನಗಳಿಗೆ ಓದಲು ಏನೂ ಸಿಗುವುದಿಲ್ಲ. ‘ಲಾಗ್‌ನಲ್ಲಿ ಏನೂ ಇಲ್ಲ, ಆದರೂ ಸರ್ವರ್ ಕುಸಿಯುತ್ತಿದೆ’ ಎಂದು ಯಾರಾದರೂ ಹೇಳಿದರೆ ಮೆಮೊರಿ ಬಳಕೆಯ ನಕ್ಷೆಯನ್ನೂ, ಕರ್ನೆಲ್ ಸಂದೇಶಗಳಲ್ಲಿ ಮೆಮೊರಿ ಸಾಲದೆ ಪ್ರೊಸೆಸ್ ಕೊಲ್ಲಲಾಗಿದೆ ಎಂಬ ಸಾಲಿದೆಯೇ ಎಂಬುದನ್ನೂ ನೋಡಬೇಕು.

ಇನ್ನು ನಿಮ್ಮ ಸರ್ವರ್‌ಗೆ ಈ ಅಪಾಯ ನಿಜಕ್ಕೂ ತಟ್ಟುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ಉಬುಂಟುವಿನಲ್ಲಿ ಎಚ್‌ಟಿಟಿಪಿ2 ಮಾಡ್ಯೂಲ್ ತಾನಾಗಿ ಚಾಲೂ ಇರುವುದಿಲ್ಲ, ನಾವೇ ಚಾಲೂ ಮಾಡಿರಬೇಕು. ‘ಅಪಾಚೆ ಕಂಟ್ರೋಲ್’ ಆದೇಶಕ್ಕೆ ದೊಡ್ಡ ‘ಎಂ’ ಆಯ್ಕೆ ಕೊಟ್ಟರೆ ಮಾಡ್ಯೂಲ್‌ಗಳ ಪಟ್ಟಿ ಬರುತ್ತದೆ. ಹೊರಗಿನ ಯಂತ್ರದಿಂದ ಕರ್ಲ್ ಎಂಬ ಆದೇಶ ಸಾಧನ ಬಳಸಿ ಎಚ್‌ಟಿಟಿಪಿ/2 ಕೇಳಿ ನೋಡಿದಾಗ ಉತ್ತರದ ಮೊದಲ ಸಾಲಿನಲ್ಲಿ 1.1 ಎಂದು ಬಂದರೆ, ಆ ವಿಳಾಸದಲ್ಲಿ ಎಚ್‌ಟಿಟಿಪಿ/2 ನಡೆಯುತ್ತಿಲ್ಲ. ಪಿಎಚ್‌ಪಿಯನ್ನು ಅಪಾಚೆಯ ಮಾಡ್ಯೂಲ್ ಆಗಿಯೇ ಓಡಿಸುತ್ತಿರುವವರಲ್ಲಿ ಸಾಮಾನ್ಯವಾಗಿ ‘ಪ್ರಿಫೋರ್ಕ್’ ಎಂಬ, ಪ್ರತಿ ಸಂಪರ್ಕವನ್ನು ಬೇರೆ ಪ್ರೊಸೆಸ್‌ನಲ್ಲಿ ನಡೆಸುವ ವಿಧಾನ ಇರುತ್ತದೆ, ಮತ್ತು 2.4.27ರಿಂದ ಪ್ರಿಫೋರ್ಕ್‌ನೊಂದಿಗೆ ಎಚ್‌ಟಿಟಿಪಿ/2 ಕೆಲಸ ಮಾಡುವುದಿಲ್ಲ. ಅಂಥವರಿಗೆ ಈ ಒಂದು ದೋಷದ ಮಟ್ಟಿಗೆ ಆತಂಕವಿಲ್ಲ. ಆದರೂ ಅವರು ಅಪ್‌ಡೇಟ್ ಬಿಡಬಾರದು, ಏಕೆಂದರೆ 2.4.59ರಲ್ಲಿ ಉತ್ತರದ ಹೆಡರ್‌ಗಳನ್ನು ಒಡೆದು ಮೋಸ ಮಾಡಬಹುದಾದ ಬೇರೆ ಎರಡು ದೋಷಗಳೂ ಸರಿಯಾಗಿವೆ.

ಪ್ಯಾಚ್ ಹಾಕಲು ಇನ್ನೂ ಸಮಯ ಬೇಕು ಎನ್ನುವವರಿಗೆ ತಾತ್ಕಾಲಿಕ ಉಪಾಯವಿದೆ. ‘ಪ್ರೋಟೋಕಾಲ್ಸ್’ ಎಂಬ ಸೂಚನೆಯಿಂದ ‘ಎಚ್2’ ಮತ್ತು ‘ಎಚ್2ಸಿ’ (ಟಿಎಲ್‌ಎಸ್ ಮೇಲಿನ ಮತ್ತು ಟಿಎಲ್‌ಎಸ್ ಇಲ್ಲದ ಎಚ್‌ಟಿಟಿಪಿ/2) ಎರಡನ್ನೂ ತೆಗೆದು ‘ಎಚ್‌ಟಿಟಿಪಿ/1.1’ ಮಾತ್ರ ಉಳಿಸಿ, ಅಥವಾ ಮಾಡ್ಯೂಲನ್ನೇ ನಿಲ್ಲಿಸಿ. ವರ್ಚುವಲ್ ಹೋಸ್ಟ್‌ಗಳ ಫೈಲ್‌ಗಳಲ್ಲಿ ಈ ಸೂಚನೆ ಪ್ರತ್ಯೇಕವಾಗಿ ಇದ್ದಿರಬಹುದು, ಅಲ್ಲಿಯೂ ಹುಡುಕಿ. ಬ್ರೌಸರ್‌ಗಳು ತಾವಾಗಿಯೇ 1.1ಕ್ಕೆ ಇಳಿದು ಮಾತನಾಡುತ್ತವೆ. ಜಿಆರ್‌ಪಿಸಿಯಂತೆ ಎಚ್‌ಟಿಟಿಪಿ/2 ಇಲ್ಲದೆ ನಡೆಯದ ಸೇವೆಗಳಿಗೆ ಮಾತ್ರ ತೊಂದರೆ. ಸಣ್ಣ ಸೈಟ್‌ಗಳಲ್ಲಿ ವೇಗದ ವ್ಯತ್ಯಾಸ ಬಹುಶಃ ಗಮನಕ್ಕೂ ಬರುವುದಿಲ್ಲ. ಹಾಗೆಂದು ಇದನ್ನೇ ಕೊನೆಯ ಪರಿಹಾರವೆಂದು ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮುಂದೆ ಯಾರೋ ವೇಗಕ್ಕಾಗಿ ಅದನ್ನು ಮತ್ತೆ ಚಾಲೂ ಮಾಡಿದರೆ, ಪ್ಯಾಚ್ ಇಲ್ಲದ ಸರ್ವರ್ ಯಾರಿಗೂ ತಿಳಿಯದಂತೆ ಬಯಲಿಗೆ ಬೀಳುತ್ತದೆ.

ಈಗ ಹೆಚ್ಚಿನವರು ತಪ್ಪಿಸುವ ಹಂತಕ್ಕೆ ಬರೋಣ. ಅಪಾಚೆ ಪ್ಯಾಕೇಜ್ ಬದಲಾದಾಗ ಸೇವೆ ಸಾಮಾನ್ಯವಾಗಿ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಆದರೆ ಲೈಬ್ರರಿ ಮಾತ್ರ ಬದಲಾದಾಗ ಹಾಗೆ ಆಗುತ್ತದೆಂಬ ಭರವಸೆಯಿಲ್ಲ. ಹಳೆಯ ಲೈಬ್ರರಿಯ ಫೈಲ್ ಡಿಸ್ಕಿನಿಂದ ಅಳಿಸಿಹೋಗಿದ್ದರೂ, ಓಡುತ್ತಿರುವ ಪ್ರೊಸೆಸ್ ಅದನ್ನು ಮೆಮೊರಿಯಲ್ಲಿ ಹಿಡಿದುಕೊಂಡೇ ಇರುತ್ತದೆ. ಅಪಾಚೆಯ ಪ್ರೊಸೆಸ್ ಸಂಖ್ಯೆಯನ್ನು ಗುರುತಿಸಿಕೊಂಡು, ‘ಪ್ರೊಕ್’ ಡೈರೆಕ್ಟರಿಯೊಳಗೆ ಆ ಸಂಖ್ಯೆಯ ಹೆಸರಿನಲ್ಲಿರುವ ಡೈರೆಕ್ಟರಿಯ ‘ಮ್ಯಾಪ್ಸ್’ ಎಂಬ ಫೈಲನ್ನು ರೂಟ್ ಅಧಿಕಾರದಿಂದ ತೆರೆದು ನೋಡಿ. ಎನ್‌ಜಿಎಚ್‌ಟಿಟಿಪಿ2 ಹೆಸರಿರುವ ಸಾಲಿನ ತುದಿಯಲ್ಲಿ ಆವರಣದೊಳಗೆ ‘ಡಿಲೀಟೆಡ್’ ಎಂದಿದ್ದರೆ, ನಿಮ್ಮ ಸರ್ವರ್ ಈ ಕ್ಷಣದಲ್ಲೂ ಹಳೆಯ ಕೋಡನ್ನೇ ಓಡಿಸುತ್ತಿದೆ. ಉಬುಂಟುವಿನಲ್ಲಿ ‘ನೀಡ್‌ರೀಸ್ಟಾರ್ಟ್’ ಎಂಬ ಸಾಧನವೂ ಇಂಥ ಸೇವೆಗಳನ್ನು ಪಟ್ಟಿ ಮಾಡುತ್ತದೆ. ಮೊದಲು ‘ಕಾನ್ಫಿಗ್‌ಟೆಸ್ಟ್’ ಓಡಿಸಿ, ಸಿಂಟ್ಯಾಕ್ಸ್ ಸರಿಯಿದೆ ಎಂಬ ಉತ್ತರ ಬಂದ ಮೇಲೆ ‘ಸಿಸ್ಟಮ್‌ಕಂಟ್ರೋಲ್’ ಮೂಲಕ ಪೂರ್ಣ ರೀಸ್ಟಾರ್ಟ್ ಕೊಡಿ. ರೀಲೋಡ್ ಸಾಕೆಂಬ ಅಭ್ಯಾಸ ಅನೇಕರಲ್ಲಿದೆ, ಆದರೆ ಅದು ಸಂರಚನೆಯನ್ನು ಮತ್ತೆ ಓದಿಸಲು ಇರುವ ದಾರಿ. ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಬಳಸುವವರಿಗೆ ಇದು ಇನ್ನೂ ಮುಖ್ಯ: ಅಲ್ಲಿ ರೀಲೋಡ್ ಮಾಡಿದರೆ ಮುಖ್ಯ ಪ್ರೊಸೆಸ್ ಹಳೆಯದೇ ಉಳಿದು, ಹೊಸದಾಗಿ ಹುಟ್ಟುವ ವರ್ಕರ್‌ಗಳೂ ಹಳೆಯ ಬೈನರಿಯವೇ ಆಗಿರುತ್ತವೆ.

ಕಂಟೇನರ್‌ನಲ್ಲಿ ಅಪಾಚೆ ಓಡಿಸುವವರು ಹೊಸ ಇಮೇಜ್ ತಂದು ಕಂಟೇನರನ್ನು ಹೊಸದಾಗಿ ಸೃಷ್ಟಿಸಬೇಕು, ಇದ್ದದ್ದನ್ನೇ ರೀಸ್ಟಾರ್ಟ್ ಮಾಡಿದರೆ ಹಳೆಯ ಇಮೇಜೇ ಮತ್ತೆ ಏಳುತ್ತದೆ. ಮುಂದೆ ಎನ್‌ಜಿನ್‌ಎಕ್ಸ್ ಪ್ರಾಕ್ಸಿಯಾಗಿ ನಿಂತು ಹಿಂದಿನ ಅಪಾಚೆಯೊಂದಿಗೆ 1.1ರಲ್ಲಿ ಮಾತನಾಡುತ್ತಿದ್ದರೆ ಈ ಫ್ರೇಮ್‌ಗಳು ಅಪಾಚೆಗೆ ತಲುಪುವುದಿಲ್ಲ. ಆದರೆ ಅಪಾಚೆಯ ಪೋರ್ಟ್ ಹೊರಗಿನಿಂದ ನೇರವಾಗಿ ಸಿಗುವಂತಿದ್ದರೆ ಆ ರಕ್ಷಣೆ ಹೆಸರಿಗೆ ಮಾತ್ರ. ಉಬುಂಟು 18.04ರಲ್ಲಿ ಇರುವವರಿಗೆ ಒಂದು ಮಾತು: ಅದರ ಸಾಮಾನ್ಯ ಬೆಂಬಲ ಮೇ 2023ಕ್ಕೆ ಮುಗಿದಿದೆ. ‘ಎಲ್ಲವೂ ಅಪ್‌ಡೇಟ್ ಆಗಿದೆ’ ಎಂದು ಆಪ್ಟ್ ಹೇಳಿದರೂ, ವಿಸ್ತೃತ ಬೆಂಬಲಕ್ಕೆ ನೋಂದಾಯಿಸಿಕೊಳ್ಳದಿದ್ದರೆ 2024ರ ಈ ತಿದ್ದುಪಡಿ ಬಂದಿರುವುದಿಲ್ಲ.

ಸ್ವತಃ ಕಂಪೈಲ್ ಮಾಡುವುದು ಬೇಡವೆಂದದ್ದಕ್ಕೂ ಕಾರಣವಿದೆ. ಹಾಗೆ ಸ್ಥಾಪಿಸಿದ ಅಪಾಚೆಯನ್ನು ಆಪ್ಟ್ ಮುಂದೆಂದೂ ಮುಟ್ಟುವುದಿಲ್ಲ. ಮುಂದಿನ ಪ್ರತಿಯೊಂದು ದೋಷವನ್ನೂ ನೀವೇ ಗಮನಿಸಿ, ನೀವೇ ಮತ್ತೆ ಕಟ್ಟಬೇಕಾಗುತ್ತದೆ. ಇಂದಿನ ಒಂದು ಎಚ್ಚರಿಕೆಗಾಗಿ ಅಷ್ಟು ಭಾರ ಹೊರುವುದು ಸರಿಯಲ್ಲ.

ಅಂತರ್ಜಾಲದಲ್ಲಿ ಸಿಗುವ ದಾಳಿಯ ಸ್ಕ್ರಿಪ್ಟ್‌ಗಳನ್ನು ನಡೆಯುತ್ತಿರುವ ಸರ್ವರ್ ಮೇಲೆ ಪ್ರಯೋಗಿಸಿ ಪ್ಯಾಚ್ ಪರೀಕ್ಷಿಸಬೇಡಿ. ಪ್ಯಾಚ್ ಇಲ್ಲದಿದ್ದರೆ ನೀವೇ ಅದನ್ನು ಬೀಳಿಸಿದಂತಾಗುತ್ತದೆ, ಹಂಚಿಕೊಂಡ ಯಂತ್ರವಾಗಿದ್ದರೆ ಬೇರೆಯವರ ಸೇವೆಯೂ ನಿಲ್ಲುತ್ತದೆ. ಇದಕ್ಕಿಂತ ಉಪಯುಕ್ತವಾದ ಕೆಲಸವೆಂದರೆ, ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಅಪಾಚೆ ಸೇವೆಗೆ ‘ಮೆಮೊರಿಮ್ಯಾಕ್ಸ್’ ಎಂಬ ಮಿತಿ ಇಡುವುದು. ಇದು ದೋಷವನ್ನು ಸರಿಪಡಿಸುವುದಿಲ್ಲ, ಆದರೆ ಮುಂದೆ ಇದೇ ಜಾತಿಯ ಮತ್ತೊಂದು ದೋಷ ಬಂದಾಗ ಮೆಮೊರಿ ಮುಗಿದು ಕರ್ನೆಲ್ ನಿಮ್ಮ ಡೇಟಾಬೇಸನ್ನು ಕೊಲ್ಲುವ ಬದಲು ಹಾನಿ ಅಪಾಚೆಯೊಳಗೇ ನಿಲ್ಲುತ್ತದೆ. ಅಂಥ ದೋಷ ಮತ್ತೆ ಬರುತ್ತದೆಂದೇ ಎಣಿಸಿ. 2011ರ ಆಗಸ್ಟ್‌ನಲ್ಲಿ ‘ರೇಂಜ್’ ಹೆಡರ್ ಮೂಲಕ ಅಪಾಚೆಯ ಮೆಮೊರಿ ಬರಿದು ಮಾಡುವ ದೋಷ ಹೊರಬಿದ್ದಾಗಲೂ ಚಿಕ್ಕ ಕೋರಿಕೆಗೆ ದೊಡ್ಡ ಮೆಮೊರಿ ವೆಚ್ಚವಾಗುವುದೇ ಮೂಲ ಕಾರಣವಾಗಿತ್ತು. ಮಿತಿಯ ಅಂಕಿಯನ್ನು ಊಹೆಯಿಂದ ಇಡದೆ, ದಟ್ಟಣೆಯ ಸಮಯದಲ್ಲಿ ಅಪಾಚೆ ಬಳಸುವ ಗರಿಷ್ಠ ಮೆಮೊರಿಯನ್ನು ಕೆಲವು ದಿನ ಗಮನಿಸಿ, ಅದಕ್ಕಿಂತ ಸಾಕಷ್ಟು ಮೇಲೆ ಇಡಿ.

ರೀಸ್ಟಾರ್ಟ್ ಆದ ಮೇಲೆ ಎರಡೂ ಪ್ಯಾಕೇಜ್‌ಗಳ ಬಾಲ ಸಮೇತದ ಆವೃತ್ತಿಯನ್ನೂ, ‘ಮ್ಯಾಪ್ಸ್’ ಫೈಲಿನ ಎನ್‌ಜಿಎಚ್‌ಟಿಟಿಪಿ2 ಸಾಲುಗಳನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಸರ್ವರ್‌ನ ಐಪಿ ಮತ್ತು ಡೊಮೇನ್ ಹೆಸರನ್ನು ಮಾತ್ರ ಮೊದಲು ಅಳಿಸಿಬಿಡಿ.