ಚೋಮನೂ ವೆಂಕಯ್ಯನೂ ಒಬ್ಬರೇ

ಪ್ರಶ್ನೆ: ‘ಚೋಮನ ದುಡಿ’ ಚಿತ್ರವನ್ನು ಇತ್ತೀಚೆಗೆ ಮತ್ತೊಮ್ಮೆ ನೋಡಿದೆ. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರ ಹೆಸರನ್ನು ನಮ್ಮ ಮನೆಯ ಹುಡುಗರು ಕೇಳಿಯೇ ಇಲ್ಲ. ಅಂಥ ನಟ ಹೀಗೆ ಮರೆವಿಗೆ ಸಂದದ್ದೇಕೆ? ಅವರ ಬೇರೆ ಯಾವ ಚಿತ್ರಗಳನ್ನು ನೋಡಬಹುದು?
– ಓದುಗರು, ಪುತ್ತೂರು

ಉತ್ತರ: ಬಿ.ವಿ. ಕಾರಂತರು ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ಆ ಚಿತ್ರಕ್ಕೆ 1975ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂದಾಗ, ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಕನ್ನಡ ಚಿತ್ರವೊಂದರ ಅಭಿನಯಕ್ಕೆ ರಾಷ್ಟ್ರಮಟ್ಟದಲ್ಲಿ ಆ ಗೌರವ ದಕ್ಕಿದ್ದು ಅದೇ ಮೊದಲು.

ಅಂಗೈಯಗಲ ಭೂಮಿಯನ್ನಾದರೂ ಸ್ವಂತಕ್ಕೆ ಉಳಬೇಕೆಂಬ ಚೋಮನ ಆಸೆಯನ್ನು ಅವರು ಮಾತಿನಲ್ಲಿ ತೋಡಿಕೊಂಡದ್ದು ಬಹಳ ಕಡಿಮೆ. ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ಕೈ ನೀಡದೆ ಹೋದ ಮೇಲೂ ಅವರ ದನಿ ಅಬ್ಬರಕ್ಕೆ ಏರುವುದಿಲ್ಲ. ಹೇಳದೆ ಉಳಿದದ್ದೆಲ್ಲ ದುಡಿಯೆಂಬ ಚರ್ಮವಾದ್ಯದ ಬಡಿತಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಬಾಗಿಲು ಮುಚ್ಚಿಕೊಂಡು ಬಾರಿಸುವಾಗ ಆ ಬೆರಳುಗಳೇ ಮಾತಾಡುತ್ತವೆ.

ಆದರೆ ಅವರ ಶಕ್ತಿಯ ಪೂರ್ಣ ಅಳತೆ ಸಿಗಬೇಕಾದರೆ, ಪ್ರೇಮಚಂದರ ‘ಕಫನ್’ ಕಥೆಯನ್ನು ಆಧರಿಸಿ ಮೃಣಾಲ್ ಸೇನ್ 1977ರಲ್ಲಿ ತೆಲುಗಿನಲ್ಲಿ ತೆಗೆದ ‘ಒಕ ಊರಿ ಕಥ’ವನ್ನು ಚೋಮನ ಜೊತೆಗಿಟ್ಟು ನೋಡಬೇಕು. ಅಲ್ಲಿನ ವೆಂಕಯ್ಯ, ದುಡಿದರೆ ಧಣಿಯ ಹೊಟ್ಟೆಯೇ ತುಂಬುವುದೆಂದು ಕಂಡುಕೊಂಡು ಕೆಲಸಕ್ಕೇ ಬೆನ್ನು ತಿರುಗಿಸಿದವನು. ದುಡಿಯಲು ಹಂಬಲಿಸಿ ಸೋತವನನ್ನೂ ದುಡಿಯುವುದಿಲ್ಲವೆಂದು ಹಟ ಹಿಡಿದವನನ್ನೂ ಎರಡೇ ವರ್ಷಗಳ ಅಂತರದಲ್ಲಿ ಒಂದೇ ಮೈಯಲ್ಲಿ ತೋರಿಸಿದ ಇನ್ನೊಬ್ಬ ನಟ ನನಗೆ ನೆನಪಾಗುವುದಿಲ್ಲ. ಚೋಮನ ಬಗ್ಗೆ ಕರುಣೆ ಹುಟ್ಟುತ್ತದೆ. ಸೊಸೆಯ ಸಂಕಟಕ್ಕೂ ಕರಗದ ವೆಂಕಯ್ಯನ ಬಗ್ಗೆ ಹೇಸಿಗೆಯಾಗುತ್ತದೆ, ಆದರೂ ಅವನ ವಾದಕ್ಕೆ ಉತ್ತರ ಹೊಳೆಯುವುದಿಲ್ಲ. ಇದನ್ನು ಸಾಧಿಸುವುದು ಕಷ್ಟ, ಮೆಚ್ಚುವುದು ಇನ್ನೂ ಕಷ್ಟ.

ಮರೆವಿನ ಕಾರಣವೂ ಇಲ್ಲಿಯೇ ಇದೆ. ವ್ಯಾಪಾರಿ ಧಾಟಿಯಿಂದ ದೂರ ಸರಿದ ಇಂಥ ಹೊಸ ಅಲೆಯ ಚಿತ್ರಗಳು ನಿರ್ದೇಶಕರ ಮತ್ತು ಕಾದಂಬರಿಕಾರರ ಹೆಸರಿನಲ್ಲಿ ಉಳಿದವೇ ಹೊರತು ನಟರ ಹೆಸರಿನಲ್ಲಲ್ಲ. ‘ಕಾರಂತರ ಚೋಮ’ ಎನ್ನುವಾಗಲೂ ಯಾವ ಕಾರಂತರೆಂಬ ಚರ್ಚೆ ನಡೆಯುತ್ತದೆ, ವಾಸುದೇವರಾವ್ ಆ ಚರ್ಚೆಯೊಳಗೆ ಬರುವುದೇ ಇಲ್ಲ! ಪ್ರಶಸ್ತಿ ಬಂದದ್ದು ನಡುವಯಸ್ಸು ದಾಟಿದ ಮೇಲೆ. ಆ ವಯಸ್ಸಿನವರಿಗೆ ವ್ಯಾಪಾರಿ ಚಿತ್ರರಂಗ ಪೋಷಕ ಪಾತ್ರಗಳನ್ನಷ್ಟೇ ತೆಗೆದಿಟ್ಟಿರುತ್ತದೆ.

ಅಂಥ ಪಾತ್ರಗಳಲ್ಲಿ ಒಂದನ್ನು ಮಾತ್ರ ತಪ್ಪದೆ ನೋಡಿ. ಮಣಿರತ್ನಂ ಅವರ 1987ರ ತಮಿಳು ಚಿತ್ರ ‘ನಾಯಕನ್’ನಲ್ಲಿ, ಮುಂಬೈಗೆ ಓಡಿಬಂದ ಅನಾಥ ಹುಡುಗನಿಗೆ ಆಸರೆ ಕೊಡುವ ಹುಸೇನ್ ಅವರೇ. ಕಮಲ್ ಹಾಸನ್ ಅವರನ್ನು ನೋಡಲು ಕುಳಿತವರು ಆ ಮುದುಕನ ಮುಖವನ್ನು ಎಲ್ಲೋ ಕಂಡಂತಿದೆ ಎಂದುಕೊಂಡು ಮುಂದೆ ಸಾಗಿಬಿಡುತ್ತಾರೆ.