ಕಾರಿನ ಲೆದರ್ ಸೀಟಿಗೆ ತೆಂಗಿನೆಣ್ಣೆ ಹಚ್ಚಬಹುದಾ?

ಹಳೆ ಕಾರು ತಗೊಂಡಿದ್ದೀರಿ. ಕೆನೆ ಬಣ್ಣದ ಲೆದರ್ ಸೀಟು, ಡ್ರೈವರ್ ಸೀಟಿಗೆ ಜೀನ್ಸಿನ ನೀಲಿ ಹತ್ತಿದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಪಕ್ಕದ ಮನೆಯವರು ತೆಂಗಿನೆಣ್ಣೆ ಹಚ್ಚಿ ಅಂದಿದ್ದಾರೆ. ಹಚ್ಚಬಹುದಾ ಅಂತ ಕೇಳಿದ್ದೀರಿ. ಬೇಡ. ನಾನು ಹಚ್ಚಿ ನೋಡಿದವನು.

ನಾನಿರುವುದು ಮಂಗಳೂರಿನಲ್ಲಿ. ಚಿಕ್ಕವನಿದ್ದಾಗ ಅಜ್ಜ ಚರ್ಮದ ಚಪ್ಪಲಿಗೆ ಎಣ್ಣೆ ತಿಕ್ಕುವುದನ್ನು ನೋಡಿದ್ದೆ, ಚರ್ಮ ಅಂದಮೇಲೆ ಎಲ್ಲಾ ಒಂದೇ ಅಲ್ವಾ ಅಂದುಕೊಂಡು ಒಂದು ಭಾನುವಾರ ಕೂತು ಐದೂ ಸೀಟಿಗೆ ತಿಕ್ಕಿದೆ. ಫಳಫಳ ಹೊಳೆಯಿತು. ಎರಡು ದಿನ ಬಿಟ್ಟು ಪುತ್ತೂರಿಗೆ ಮದುವೆಗೆ ಹೋದೆವು, ಮಾವ ಬಿಳಿ ಪಂಚೆ ಉಟ್ಟು ಮುಂದೆ ಕೂತಿದ್ದರು. ಛತ್ರದ ಬಾಗಿಲಲ್ಲಿ ಇಳಿದಾಗ ಪಂಚೆಯ ಹಿಂಭಾಗದಲ್ಲಿ ಸೀಟಿನ ಹೊಲಿಗೆಯ ನಕ್ಷೆ ಪೂರ್ತಿ ಮೂಡಿತ್ತು. ಅದೂ ಬೂದು ಬಣ್ಣದಲ್ಲಿ, ಏಕೆಂದರೆ ಎರಡೇ ದಿನದಲ್ಲಿ ಎಣ್ಣೆ ಧೂಳನ್ನೆಲ್ಲ ಎಳೆದುಕೊಂಡಿತ್ತು. ವಾಪಸ್ ಬರುವಾಗ ಅವರು ಬಸ್ಸಿನಲ್ಲೇ ಬಂದರು.

ವಿಷಯ ಏನೆಂದರೆ, ಇವತ್ತಿನ ಹೆಚ್ಚಿನ ಕಾರುಗಳ ಸೀಟಿನಲ್ಲಿ ನಮ್ಮ ಕೈಗೆ ಸಿಗುವುದು ಚರ್ಮವೇ ಅಲ್ಲ. ಚರ್ಮದ ಮೇಲೆ ಬಣ್ಣ ಇರುತ್ತದೆ, ಬಣ್ಣದ ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಒಂದು ಹನಿ ನೀರು ಹಾಕಿ ನೋಡಿ, ಇಂಗದೆ ಮುತ್ತಿನ ಹಾಗೆ ನಿಲ್ಲುತ್ತದೆ. ನೀರೇ ಇಳಿಯದ ಕಡೆ ಎಣ್ಣೆ ಎಲ್ಲಿ ಇಳಿಯಬೇಕು? ಮೇಲೆ ಕೂತು ಅಂಟಾಗುತ್ತದೆ, ಹೊಲಿಗೆಯೊಳಗೆ ಸೇರುತ್ತದೆ, ಆಮೇಲೆ ಕಮಟು ವಾಸನೆ. ಅಂಗಡಿಯ ಹುಡುಗ ‘ಲೆದರ್‌ಗೆ ಪೋಷಣೆ ಬೇಕು ಸಾರ್’ ಅಂತ ದುಬಾರಿ ಕಂಡಿಷನರ್ ತೋರಿಸಿದರೂ ಇದೇ ಮಾತು ನೆನಪಿಡಿ. ಬಣ್ಣ ಬಳಿದ ಬಾಗಿಲಿಗೆ ಯಾರೂ ಪೋಷಣೆ ಕೊಡುವುದಿಲ್ಲ, ಒರೆಸಿ ಇಡುತ್ತಾರೆ.

ಇನ್ನೊಂದು ಮಾತು. ನಿಮ್ಮದು ನಿಜವಾದ ಲೆದರ್ ಹೌದಾ ಅಂತ ಕಾರಿನ ಬ್ರೋಷರ್‌ನಲ್ಲಿ ನೋಡಿ. ನಮ್ಮಲ್ಲಿ ಎಷ್ಟೋ ಕಾರುಗಳಿಗೆ ಬರುವುದು ಲೆದರೆಟ್, ಅಂದರೆ ನಮ್ಮ ಹಳೆ ರೆಕ್ಸಿನ್‌ನ ಸುಧಾರಿಸಿದ ತಮ್ಮ. ಅಸಲಿ ಲೆದರ್ ಇದ್ದರೂ ಕೂರುವ ಮುಖ ಮಾತ್ರ ಚರ್ಮ, ಬದಿ ಮತ್ತು ಬೆನ್ನು ವಿನೈಲ್ ಆಗಿರುವುದು ಮಾಮೂಲು. ಬೇಜಾರು ಬೇಡ, ತೊಳೆಯುವ ಕ್ರಮ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಮೊದಲು ವ್ಯಾಕ್ಯೂಮ್ ಮಾಡಿ. ಸಂದಿಗಳಲ್ಲಿ ಕೂತ ಮರಳು ಹಾಗೇ ಬಿಟ್ಟು ತಿಕ್ಕಿದರೆ ಅದೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಆಮೇಲೆ ಪಿಎಚ್ ನ್ಯೂಟ್ರಲ್ ಅಂತ ಬರೆದಿರುವ ಲೆದರ್ ಕ್ಲೀನರ್, ಒಂದು ಮೆತ್ತನೆ ಬ್ರಷ್, ಮೂರ್ನಾಲ್ಕು ಮೈಕ್ರೋಫೈಬರ್ ಬಟ್ಟೆ. ಕ್ಲೀನರನ್ನು ಸೀಟಿಗೆ ಹೊಡೆಯಬೇಡಿ, ಬ್ರಷ್ಷಿಗೆ ಹೊಡೆಯಿರಿ. ತೂತು ತೂತಿರುವ ವೆಂಟಿಲೇಟೆಡ್ ಸೀಟಾದರೆ ಇದು ಇನ್ನೂ ಮುಖ್ಯ, ತೂತಿನಿಂದ ಇಳಿದ ನೀರು ಒಳಗಿನ ಫೋಮಿನಲ್ಲಿ ಉಳಿದುಬಿಡುತ್ತದೆ. ಒಂದು ಚಿಕ್ಕ ಜಾಗ ತಗೊಂಡು ಹಗುರವಾಗಿ ತಿಕ್ಕಿ, ನೊರೆ ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆ, ಆಮೇಲೆ ಪಕ್ಕದ ಜಾಗ. ಬಟ್ಟೆ ಕಪ್ಪಾಗುವುದು ನೋಡಿ ಗಾಬರಿಯಾಗಬೇಡಿ, ಅದು ಬಣ್ಣ ಅಲ್ಲ, ಹಿಂದಿನ ಮಾಲೀಕನ ಬೆವರು. ಮುಗಿದ ಮೇಲೆ ಸೀಟು ಹೊಳೆಯಬಾರದು, ಮಂಕಾಗಿ ಕಾಣಬೇಕು. ಹೊಳಪು ಅಂತ ನಾವು ಖುಷಿಪಡುವುದು ಎಷ್ಟೋ ಸಲ ಮೈಯ ಜಿಡ್ಡು.

ಪಾತ್ರೆ ತೊಳೆಯುವ ಲಿಕ್ವಿಡ್, ಅಡುಗೆ ಸೋಡಾ, ಟೂತ್‌ಪೇಸ್ಟ್, ಸ್ಯಾನಿಟೈಸರ್ ಯಾವುದೂ ಬೇಡ. ಹದ ಮಾಡಿದ ಚರ್ಮ ಸ್ವಲ್ಪ ಆಮ್ಲದ ಕಡೆಗಿರುತ್ತದೆ, ಸೋಡಾ ಮತ್ತು ಬಟ್ಟೆ ಸೋಪು ಅದಕ್ಕೆ ಉಲ್ಟಾ. ಸ್ಯಾನಿಟೈಸರ್‌ನ ಆಲ್ಕೋಹಾಲ್ ಮೇಲಿನ ಪದರವನ್ನೇ ಮೆತ್ತಗೆ ಮಾಡುತ್ತದೆ. ‘ಮ್ಯಾಜಿಕ್’ ಅಂತ ಮಾರುವ ಬಿಳಿ ಸ್ಪಂಜ್ ಕಲೆ ತೆಗೆಯುವುದು ನಿಜ, ಆದರೆ ಅದು ತೆಗೆಯುವುದು ಕೆರೆದು.

ಜೀನ್ಸ್ ನೀಲಿ ಹೊಸದಾದರೆ ಇದೇ ಕ್ಲೀನರ್‌ನಲ್ಲಿ ಎರಡು ಮೂರು ಸಲಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಕೂತಿದ್ದರೆ ಬಣ್ಣ ಆ ಪದರದೊಳಕ್ಕೇ ಇಳಿದಿರುತ್ತದೆ. ನನ್ನದು ಮುಕ್ಕಾಲು ಪಾಲು ಹೋಯಿತು, ಉಳಿದದ್ದನ್ನು ನೋಡದ ಹಾಗೆ ಇದ್ದೇನೆ.

ಬೂಷ್ಟಿನದು ಬೇರೆ ಕಥೆ. ಅದು ಸೀಟಿನ ತೊಂದರೆಗಿಂತ ಕಾರಿನೊಳಗಿನ ತೇವದ ತೊಂದರೆ. ಬಾಗಿಲೆಲ್ಲ ತೆಗೆದಿಟ್ಟು, ಮೂಗಿಗೆ ಮಾಸ್ಕ್ ಹಾಕಿ ಒಣ ಬಟ್ಟೆಯಲ್ಲಿ ಒರೆಸಿ, ನಂತರ ಮೇಲೆ ಹೇಳಿದ ಹಾಗೆ ಕ್ಲೀನ್ ಮಾಡಿ. ಆದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದಿದ್ದರೆ ಸುಮ್ನೆ ಕೈನೋವು. ಕಾಲಡಿಯ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಸನ್‌ರೂಫ್ ಇದ್ದರೆ ಅದರ ನೀರಿನ ಕೊಳವೆಯಲ್ಲಿ ಎಲೆ ಸಿಕ್ಕಿರಬಹುದು. ನನ್ನ ಕಾರಿನಲ್ಲಿ ಕಳ್ಳ ಸಿಕ್ಕಿದ್ದು ಹಿಂದಿನ ಸೀಟಿನ ಕೆಳಗೆ, ಮರೆತುಹೋಗಿದ್ದ ಒದ್ದೆ ಕೊಡೆ. ಜುಲೈನಲ್ಲಿ ಒಂದು ವಾರ ಕಾರು ತೆಗೆಯದೆ ನಿಲ್ಲಿಸಿದರೆ ನಮ್ಮೂರಲ್ಲಿ ಬೂಷ್ಟು ಬಂದೇ ಬರುತ್ತದೆ, ಅದಕ್ಕೆ ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಏಸಿ ಹಾಕಿ ಓಡಾಡಿಸುತ್ತೇನೆ. ಮನೆ ತಲುಪುವ ಸ್ವಲ್ಪ ಮೊದಲು ಏಸಿ ಆರಿಸಿ ಬರೀ ಫ್ಯಾನ್ ಬಿಡುತ್ತೇನೆ.

ರಕ್ಷಣೆಗೆ ಅಂತ ಏನಾದರೂ ಹಚ್ಚಲೇಬೇಕೆಂದಿದ್ದರೆ ನೀರು ಆಧಾರಿತ ಲೆದರ್ ಪ್ರೊಟೆಕ್ಟೆಂಟ್ ತಗೊಳ್ಳಿ, ತೊಳೆದ ಮೇಲೆ ತೆಳುವಾಗಿ, ಮೂರು ತಿಂಗಳಿಗೊಮ್ಮೆ. ತಿಳಿ ಬಣ್ಣದ ಸೀಟಿಗೆ ಇದು ದಂಡವಲ್ಲ, ಮುಂದಿನ ಜೀನ್ಸ್ ಕಲೆ ಬೇಗ ಬಿಡುತ್ತದೆ. ಕಲಬುರಗಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಅಲ್ಲಿಯವರಿಗೆ ಬೂಷ್ಟಿಗಿಂತ ಬಿರುಕಿನ ಭಯ ಜಾಸ್ತಿ. ಅವರು ಬಾಟಲಿಗೆ ದುಡ್ಡು ಹಾಕುವ ಮೊದಲು ಗಾಜಿಗೆ ಸನ್‌ಶೇಡ್ ಹಾಕಲಿ.

ಸೀಟ್ ಕವರ್ ಹಾಕೋಣ ಅಂತಿದ್ದರೆ ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಅಂತ ಚೀಟಿ ಇದೆಯಾ ನೋಡಿ. ಇದ್ದರೆ ಸಿಕ್ಕ ಕವರ್ ಬಿಗಿದರೆ ಅಪಘಾತದಲ್ಲಿ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ಕರಾವಳಿಯಲ್ಲಂತೂ ಕವರ್ ಕೆಳಗೆ ತೇವ ಕೂತು ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ.

ಈಗಾಗಲೇ ಎಣ್ಣೆ ಹಚ್ಚಿಬಿಟ್ಟಿದ್ದರೆ ಒಂದೇ ದಿನ ಉಜ್ಜಿ ತೆಗೆಯಲು ಹೋಗಬೇಡಿ. ವಾರಕ್ಕೊಮ್ಮೆಯಂತೆ ಮೂರು ಸಲ ಕ್ಲೀನರ್ ಹಾಕಿ, ಹೊಲಿಗೆಗೆ ಹಳೆ ಮೆತ್ತನೆ ಟೂತ್‌ಬ್ರಷ್. ನಾನು ಮಾಡಿದ್ದು ಇಷ್ಟೇ. ಅಲ್ಲಿವರೆಗೆ ಬಿಳಿ ಬಟ್ಟೆಯವರನ್ನು ಹಿಂದಿನ ಸೀಟಿನಲ್ಲಿ ಟವೆಲ್ ಹಾಸಿ ಕೂರಿಸಿ.