ಟಿ.ಸಿ. ಇಲ್ಲದ ವಲಸೆ ಮಗು, ಗಡಿನಾಡಿನ ತರಗತಿ

ಟೀಚರ್, ಕೊಪ್ಪಳ ಕಡೆಯಿಂದ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳಕ್ಕೆ ಕಟ್ಟಡ ಕೆಲಸಕ್ಕೆ ಬಂದವರ ಮಗುವನ್ನು ಟಿ.ಸಿ. (ಹಿಂದಿನ ಶಾಲೆಯ ವರ್ಗಾವಣೆ ಪತ್ರ) ಇಲ್ಲದೆ ಐದನೆಯ ತರಗತಿಗೆ ಸೇರಿಸಬಹುದೇ, ಉಳಿದ ಮಕ್ಕಳ ‘ಹೊರಗಿನವರು’ ಎಂಬ ಮಾತಿಗೆ ಏನು ಮಾಡುವುದು ಎಂದು ಕೇಳಿದ್ದೀರಿ.

ಖಂಡಿತ ಸೇರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಹಾಗೆಯೇ (ಸೆಕ್ಷನ್ 14). ಓದು ಹಿಂದಿದೆಯೆಂದು ಕೆಳಗಿನ ತರಗತಿಗೆ ಹಾಕಬೇಡಿ. 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಯ ಜೊತೆಗೆ ವಿಶೇಷ ತರಬೇತಿಯನ್ನೂ ಕೊಡುತ್ತದೆ.

ಎರಡನೆಯದು ಕಷ್ಟದ್ದು. ಹೊಸ ಮಗುವನ್ನು ಮುಂದೆ ನಿಲ್ಲಿಸಿ ‘ನಿನ್ನ ಊರಿನ ಬಗ್ಗೆ ಹೇಳು’ ಎನ್ನಲೇಬೇಡಿ, ಅಲ್ಲಿಗೇ ಅದು ಬೇರೆಯಾಗಿಬಿಡುತ್ತದೆ. ಸ್ಥಳೀಯ ಮಕ್ಕಳಿಂದ ಶುರುಮಾಡಿ: ಅಜ್ಜ, ಮಾವ, ಚಿಕ್ಕಪ್ಪ ದುಡಿಯಲು ಎಲ್ಲಿಗೆ ಹೋದರು, ಅಲ್ಲಿ ಯಾರು ಜಾಗ ಕೊಟ್ಟರು ಎಂದು ಮನೆಯಲ್ಲಿ ಕೇಳಿಕೊಂಡು ಬರಲಿ. ಮುಂಬೈ, ದುಬೈ ಎಂದು ನಕ್ಷೆ ತುಂಬಿದ ಮೇಲೆ ಕೊಪ್ಪಳದಿಂದ ಉಪ್ಪಳಕ್ಕೂ ಒಂದು ಗೆರೆ ಎಳೆಯಿರಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಪಾಠವನ್ನು ಇದರೊಂದಿಗೆ ಬೆರೆಸಬೇಡಿ. ಆಗ ಕಾಸರಗೋಡಿನ ಜನ ಎಲ್ಲೂ ಹೋಗಲಿಲ್ಲ, ರಾಜ್ಯದ ಗಡಿ ಬದಲಾಯಿತು.

ಆ ಮಗುವಿನ ಕನ್ನಡವನ್ನು ಎಲ್ಲರೆದುರು ತಿದ್ದಬೇಡಿ, ಬಾಯಿ ಬಿಡುವುದೇ ನಿಂತೀತು. ಮಲಯಾಳಂ ಲಿಪಿಗಿಂತ ಮೊದಲು ಬಸ್ಸು, ಅಂಗಡಿಯ ಮಾತು ಕಲಿಸಿ.